ನಿರ್ಬಂಧ ಹಾಕಿದ ರಿಗ್ರೆಷನ್: ಎ-ಮ್ಯಾಟ್ ಕೊಡುವಾಗ ನಾನು ಎಡವಿದ್ದು

ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳಿಗೆ ರಜೆ. ಮಾವನ ಬೋಟು ಮಲ್ಪೆ ಬಂದರಿನಲ್ಲಿ ಕಟ್ಟಿದೆ, ಅವರ ಡೀಸೆಲ್ ಲೆಕ್ಕದ ಪುಸ್ತಕ ನನ್ನ ಕೈಗೆ ಬಂದಿದೆ. ಪ್ರತಿ ಟ್ರಿಪ್ಪಿಗೆ ಎಷ್ಟು ಲೀಟರ್ ಹೋಯಿತು, ಸುಮ್ನೆ ಓಡಿದ್ದು ಎಷ್ಟು ಗಂಟೆ, ಬಲೆ ಎಳೆದದ್ದು ಎಷ್ಟು ಗಂಟೆ, ಐಸ್ ಎಷ್ಟು ಟನ್, ಎಲ್ಲ ಬರೆದಿದ್ದಾರೆ. ಡೀಸೆಲ್ಲಿನಲ್ಲಿ ಯಾವುದರ ಪಾಲು ಎಷ್ಟು ಅಂತ ಅಂದಾಜಿಸುವ ಮಾಮೂಲಿ ರಿಗ್ರೆಷನ್ ಹಾಕಿದರೆ ಐಸಿನ ಸಹಗುಣಕ (ಒಂದು ಟನ್ ಐಸಿಗೆ ಎಷ್ಟು ಲೀಟರ್ ಅನ್ನುವ ಸಂಖ್ಯೆ) ಮೈನಸ್ ಬಂತು. ಐಸ್ ಜಾಸ್ತಿ ತುಂಬಿದರೆ ಡೀಸೆಲ್ ಉಳಿಯುತ್ತದಾ? ಸಾಧ್ಯವೇ ಇಲ್ಲ. ದೊಡ್ಡ ಟ್ರಿಪ್ಪಿಗೆ ಐಸೂ ಜಾಸ್ತಿ, ಗಂಟೆಯೂ ಜಾಸ್ತಿ. ಎಲ್ಲ ಒಟ್ಟಿಗೆ ಏರುವಾಗ ಯಾವುದರ ಪಾಲು ಎಷ್ಟು ಅಂತ ಬಿಡಿಸುವುದು ಕಷ್ಟ. ನಮಗೆ ಮೊದಲೇ ಗೊತ್ತಿರುವುದನ್ನು ನಾವೇ ಹೇಳಿಕೊಡಬೇಕು.

ಸಹಗುಣಕ ಸೊನ್ನೆಗಿಂತ ಕೆಳಗಿಳಿಯಬಾರದು ಅಂತ ಮಾತ್ರ ಇದ್ದರೆ ಕೆಲಸ ಸುಲಭ. ಪೈಥಾನಿನ ಸೈಕಿಟ್-ಲರ್ನ್‌ನಲ್ಲಿ ಲೀನಿಯರ್ ರಿಗ್ರೆಷನ್‌ಗೆ 'ಪಾಸಿಟಿವ್' ಅನ್ನುವುದನ್ನು 'ಟ್ರೂ' ಮಾಡಿದರೆ ಸಾಕು. ಮೇಲಿನ ಮಿತಿಯೂ ಬೇಕಾದರೆ ಸೈಪೈಯ ಎಲ್‌ಎಸ್‌ಕ್ಯೂ-ಲೀನಿಯರ್ ಇದೆ. ಆರ್ ಅನ್ನುವ ಸಂಖ್ಯಾಶಾಸ್ತ್ರದ ಭಾಷೆಯಲ್ಲಿ ಎನ್‌ಎನ್‌ಎಲ್‌ಎಸ್ ಪ್ಯಾಕೇಜು ಇದೆ, 1974ರ ಲಾಸನ್-ಹ್ಯಾನ್ಸನ್ ವಿಧಾನದ್ದು. ಇದರಲ್ಲಿ ಇಂಟರ್‌ಸೆಪ್ಟ್ (ಉಳಿದೆಲ್ಲ ಸೊನ್ನೆ ಇದ್ದಾಗ ಬರುವ ಸಂಖ್ಯೆ) ತಾನಾಗಿ ಬರುವುದಿಲ್ಲ. 1ರ ಕಂಬಸಾಲು ಸೇರಿಸಿದರೆ ಇಂಟರ್‌ಸೆಪ್ಟ್ ಕೂಡ ಮೈನಸ್ ಆಗಲಾರದು. ಅದರ ಪಕ್ಕದಲ್ಲಿ -1ರದ್ದೂ ಒಂದು ಸೇರಿಸಿ. ಎರಡರ ವ್ಯತ್ಯಾಸವೇ ಇಂಟರ್‌ಸೆಪ್ಟ್, ಅದು ಎತ್ತ ಬೇಕಾದರೂ ಹೋಗಬಹುದು. ಈ ಉಪಾಯ ನನಗೆ ತುಂಬಾ ಇಷ್ಟ.

ನನಗೆ ಇನ್ನೊಂದು ವಿಷಯವೂ ಗೊತ್ತಿತ್ತು. ನಮ್ಮ ಬೋಟಿನಲ್ಲಿ ಬಲೆ ಎಳೆಯುವ ಗಂಟೆಗೆ ಸುಮ್ನೆ ಓಡುವ ಗಂಟೆಗಿಂತ ಡೀಸೆಲ್ ಜಾಸ್ತಿ ಬೇಕು ಅಂತ ತಾಂಡೇಲರು (ಬೋಟು ನಡೆಸುವವರು) ಹೇಳಿದ್ದರು. ಹೀಗೆ ಎರಡು ಸಹಗುಣಕಗಳನ್ನು ಹೋಲಿಸುವ ನಿರ್ಬಂಧ ಬಂದರೆ ಆರ್‌ನ ಕ್ವಾಡ್‌ಪ್ರೋಗ್ ಪ್ಯಾಕೇಜು, ಅದರೊಳಗಿನ ಸಾಲ್ವ್-ಕ್ಯೂಪಿ ಬೇಕು. ಎಕ್ಸ್ ನಮ್ಮ ಡೇಟಾ, ವೈ ಡೀಸೆಲ್ ಅಂತ ಇಟ್ಟುಕೊಳ್ಳಿ. ಎಕ್ಸ್ ತಿರುಗಿಸಿ (ಅಡ್ಡಸಾಲುಗಳನ್ನು ಕಂಬಸಾಲು ಮಾಡಿ) ಎಕ್ಸ್‌ನಿಂದ ಗುಣಿಸಿದ್ದು ಡಿ-ಮ್ಯಾಟ್, ವೈಯಿಂದ ಗುಣಿಸಿದ್ದು ಡಿ-ವೆಕ್. ಸಾಲ್ವ್-ಕ್ಯೂಪಿ ಕನಿಷ್ಠ ಮಾಡುವ ಸೂತ್ರದ ಒಳಗೇ ಅರ್ಧ ಅನ್ನುವುದು ಇದೆ, 2ರಿಂದ ಗುಣಿಸಲು ಹೋಗಬೇಡಿ.

ಎರಡು ಸಂಜೆ ಹೋದದ್ದು ನಿರ್ಬಂಧಗಳನ್ನು ಬರೆದು ಕೊಡುವ ಕೋಷ್ಟಕ, ಅಂದರೆ ಎ-ಮ್ಯಾಟ್‌ನಲ್ಲಿ. ಓಟ, ಎಳೆತ, ಐಸ್ ಈ ಕ್ರಮದಲ್ಲಿ ನನ್ನ ನಿರ್ಬಂಧಗಳನ್ನು ಹೀಗೆ ಬರೆದೆ:

ಓಟ ≥ 0: (1, 0, 0)
ಎಳೆತ − ಓಟ ≥ 0: (−1, 1, 0)
ಐಸ್ ≥ 0: (0, 0, 1)

ಇದನ್ನೇ ಅಡ್ಡಸಾಲು ಅಡ್ಡಸಾಲಾಗಿ ಕೊಟ್ಟೆ. ತಪ್ಪು ಅದೇ. ಸಾಲ್ವ್-ಕ್ಯೂಪಿಗೆ ಒಂದೊಂದು ನಿರ್ಬಂಧವೂ ಒಂದೊಂದು ಕಂಬಸಾಲು. ನಾನು ಕೊಟ್ಟದ್ದರಲ್ಲಿ ಮೊದಲ ಕಂಬಸಾಲು ಓದಿ ನೋಡಿ: 1, −1, 0. ಅಂದರೆ ಓಟ − ಎಳೆತ ≥ 0. ತಾಂಡೇಲರು ಹೇಳಿದ್ದಕ್ಕೆ ಪೂರ್ತಿ ಉಲ್ಟಾ! ನಾಲ್ಕು ನಿರ್ಬಂಧ ಇದ್ದಿದ್ದರೆ ಅಳತೆ ಹೊಂದುವುದಿಲ್ಲ ಅಂತ ಎರರ್ ಬರುತ್ತಿತ್ತು. ಮೂರು ಸಹಗುಣಕ, ಮೂರು ನಿರ್ಬಂಧ ಆದ್ದರಿಂದ ಚೌಕ ಸರಿಯಾಗಿ ಕೂತಿತು, ಒಂದು ಮಾತೂ ಹೇಳದೆ ಉತ್ತರ ಕೊಟ್ಟಿತು.

ಸಿಕ್ಕಿಬಿದ್ದದ್ದು ಹೇಗೆ ಅಂದರೆ, ಓಟ ಮತ್ತು ಎಳೆತ ಎರಡಕ್ಕೂ ಒಂದೇ ಸಂಖ್ಯೆ ಬಂತು, ಕೊನೆಯ ದಶಮಾಂಶದವರೆಗೂ ಒಂದೇ. ಡೇಟಾ ಎಳೆತವನ್ನು ಮೇಲೆ ತಳ್ಳುತ್ತಿತ್ತು, ಉಲ್ಟಾ ನಿರ್ಬಂಧ ಅದನ್ನು ಓಟದ ಮಟ್ಟದಲ್ಲೇ ತಡೆದು ನಿಲ್ಲಿಸಿತ್ತು. ಎ-ಮ್ಯಾಟ್ ತಿರುಗಿಸಿ ಕೊಟ್ಟೆ, ಎಳೆತ ಮೇಲೆ ಹೋಯಿತು. ಉತ್ತರ ಪರೀಕ್ಷಿಸುವಾಗ ಅದೇ ಎ-ಮ್ಯಾಟ್‌ನಿಂದ ಗುಣಿಸಿ ನೋಡಬೇಡಿ, ತಪ್ಪು ಎ-ಮ್ಯಾಟ್ ತನ್ನ ತಪ್ಪು ಉತ್ತರವನ್ನು ಸರಿ ಅಂತಲೇ ಹೇಳುತ್ತದೆ. ಕಾಗದದಲ್ಲಿ ಬರೆದ ಸಾಲಿಗೆ ಸಂಖ್ಯೆ ಹಾಕಿ ನೋಡಿ.

'ಇಷ್ಟಕ್ಕಿಂತ ಜಾಸ್ತಿ ಬೇಡ' ಅನ್ನುವ ನಿರ್ಬಂಧವಾದರೆ ಎರಡೂ ಕಡೆ ಮೈನಸ್ ಹಾಕಿ. ಎಳೆತ ≤ 30 ಅನ್ನುವುದು −ಎಳೆತ ≥ −30 ಆಗುತ್ತದೆ. ಸಮ ಇರಬೇಕಾದ ನಿರ್ಬಂಧಗಳನ್ನು ಮೊದಲು ಇಟ್ಟು, ಅಂಥವು ಎಷ್ಟು ಅಂತ ಸಾಲ್ವ್-ಕ್ಯೂಪಿಯ ಎಂಇಕ್ಯೂ ಅನ್ನುವುದರಲ್ಲಿ ಹೇಳಬೇಕು.

ನನ್ನ ಲೆಕ್ಕದಲ್ಲಿ ಕೊನೆಗೆ ಐಸ್ ಸರಿಯಾಗಿ ಸೊನ್ನೆಗೆ ಬಂದು ನಿಂತಿದೆ. ಐಸಿಗೆ ಡೀಸೆಲ್ಲೇ ಬೇಡ ಅಂತ ಇದರ ಅರ್ಥ ಅಲ್ಲ, ನಿರ್ಬಂಧ ಅದನ್ನು ಅಲ್ಲಿ ಹಿಡಿದಿದೆ ಅಷ್ಟೇ. ಹೀಗೆ ಅಂಚಿಗೆ ತಾಗಿದಾಗ ಮಾಮೂಲಿ ಸ್ಟ್ಯಾಂಡರ್ಡ್ ಎರರ್, ಪಿ-ವ್ಯಾಲ್ಯೂ (ಸಂಖ್ಯೆಯನ್ನು ಎಷ್ಟು ನಂಬಬಹುದು ಅಂತ ನೋಡುವ ಅಳತೆಗಳು) ನಡೆಯುವುದಿಲ್ಲ. ಸಾದಾ ಬೂಟ್‌ಸ್ಟ್ರಾಪ್ (ಇರುವ ಡೇಟಾದಿಂದಲೇ ಮತ್ತೆ ಮತ್ತೆ ಆರಿಸಿ ಲೆಕ್ಕ ಹಾಕುವುದು) ಕೂಡ ಅಲ್ಲಿ ಕೈಕೊಡುತ್ತದೆ. ಆಗಸ್ಟಿನಲ್ಲಿ ಬೋಟು ಇಳಿದ ಮೇಲೆ, ಗಂಟೆ ಒಂದೇ ಇದ್ದು ಐಸ್ ಮಾತ್ರ ಬೇರೆ ಬೇರೆ ಇರುವ ಟ್ರಿಪ್ಪುಗಳನ್ನು ಗುರುತು ಹಾಕಿ ಇಡಲು ಮಾವನಿಗೆ ಹೇಳಿದ್ದೇನೆ.