ಬೀಗ ಇರುವುದು ಮೊಬೈಲಿನಲ್ಲಿ, ಬ್ರೇಕರಿನಲ್ಲಲ್ಲ

ಕೊಡಗಿನಲ್ಲಿ ಮಳೆಗಾಲ ಹಿಡಿಯಿತೆಂದರೆ ಸಿಲ್ವರ್ ಮರದ ಕೊಂಬೆ ತಂತಿಯ ಮೇಲೆ ಬೀಳುವುದು, ಬ್ರೇಕರ್ (ದೋಷವಾದಾಗ ಕರೆಂಟ್ ಕಡಿಯುವ ದೊಡ್ಡ ಸ್ವಿಚ್) ಟ್ರಿಪ್ ಆಗುವುದು, ತೋಟದ ಮಾಲೀಕರಿಂದ ನನಗೆ ಫೋನ್ ಬರುವುದು ಒಂದರ ಹಿಂದೆ ಒಂದು ನಡೆಯುತ್ತವೆ. ಕೆಲವು ವರ್ಷಗಳಿಂದ ಆ ಫೋನಿನಲ್ಲಿ ಒಂದೇ ಬೇಡಿಕೆ: "ಹೊಸ ನ್ಯೂಮರಿಕಲ್ ರಿಲೇ ಹಾಕಿಸಿದ್ದೇವಲ್ಲ ಸರ್, ಬೆಂಗಳೂರಿನಲ್ಲಿ ಕೂತೇ ಮೊಬೈಲಿನಿಂದ ಬ್ರೇಕರ್ ಆನ್ ಮಾಡುವ ಹಾಗೆ ಮಾಡಿಕೊಡಿ." ನ್ಯೂಮರಿಕಲ್ ರಿಲೇ ಎಂದರೆ ಲೈನಿನ ದೋಷ ಗುರುತಿಸಿ ಬ್ರೇಕರಿಗೆ ಆಜ್ಞೆ ಕೊಡುವ ಡಿಜಿಟಲ್ ಸಾಧನ. ಬೇಡವೆಂದರೆ, "ಆ್ಯಪ್‌ಗೆ ಪಾಸ್‌ವರ್ಡ್ ಇದೆ, ಒತ್ತಿದ ಮೇಲೂ ಖಚಿತವೇ ಎಂದು ಇನ್ನೊಮ್ಮೆ ಕೇಳುತ್ತದೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರ ಎಲ್ಲಿ ತಪ್ಪುತ್ತದೆ ಎಂಬುದನ್ನು ಎಷ್ಟು ಬಾರಿ ಹೇಳಿದರೂ ಸಾಲದಾಗಿದೆ.

ಪಾಸ್‌ವರ್ಡ್ ಕೇಳುವುದು ಆ್ಯಪ್, ರಿಲೇ ಅಲ್ಲ. ನಮ್ಮ ಕಡೆಯ ಪ್ಯಾನೆಲ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಮಾಡ್‌ಬಸ್ ಟಿಸಿಪಿ, ಅಂದರೆ ಇಂಥ ಸಾಧನಗಳು ನೆಟ್‌ವರ್ಕ್ ಮೇಲೆ ಮಾತಾಡುವ ಭಾಷೆ. ಇದರ ಮೂಲ ಭಾಷೆ ಹುಟ್ಟಿದ್ದು 1979ರಲ್ಲಿ, ಒಂದೇ ಕಾರ್ಖಾನೆಯೊಳಗಿನ ಯಂತ್ರಗಳು ಒಂದು ಕೇಬಲಿನ ಮೇಲೆ ಮಾತಾಡಿಕೊಳ್ಳಲಿ ಎಂದು. ಅದರ ಸಾಮಾನ್ಯ ರೂಪದಲ್ಲಿ ಸಂದೇಶವೆಂದರೆ ಯಾವ ಸಾಧನ, ಯಾವ ಕೆಲಸ, ಯಾವ ವಿಳಾಸ, ಆನ್ ಅಥವಾ ಆಫ್, ಇಷ್ಟೇ. ಕಳಿಸಿದವರು ಯಾರು ಎಂದು ಬರೆಯಲು ಅದರಲ್ಲಿ ಜಾಗವೇ ಇಲ್ಲ. ಹೀಗಾಗಿ ಆ್ಯಪ್‌ನ ಗೊಡವೆಗೇ ಹೋಗದೆ ಅದೇ ರೂಟರಿಗೆ ಲ್ಯಾಪ್‌ಟಾಪ್ ಜೋಡಿಸಿ ಮಾಡ್‌ಬಸ್‌ಗೆ ಮೀಸಲಾದ 502ನೇ ಪೋರ್ಟಿಗೆ ಅದೇ ಸಂದೇಶವನ್ನು ಯಾರು ಕಳಿಸಿದರೂ, ಅದು ಮಾಲೀಕರದೋ, ಕ್ಯಾಮೆರಾ ಹಾಕಲು ಬಂದ ಹುಡುಗನದೋ ಎಂದು ರಿಲೇ ವಿಚಾರಿಸುವುದಿಲ್ಲ; ಬ್ರೇಕರ್ ಹಾಕುತ್ತದೆ, ಅಷ್ಟೇ.

'ಖಚಿತವೇ' ಎಂದು ಎರಡನೆಯ ಬಾರಿ ಕೇಳುವ ಕ್ರಮಕ್ಕೂ ಇದೇ ಮಾತು ಅನ್ವಯಿಸುತ್ತದೆ. ಸಬ್‌ಸ್ಟೇಷನ್ ಸಾಧನಗಳ ಸಂವಹನಕ್ಕಿರುವ ಐಇಸಿ 61850 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಬ್ರೇಕರನ್ನು ಮೊದಲು ಆಯ್ಕೆ ಮಾಡಿ ಆಮೇಲೆ ಆಜ್ಞೆ ಕೊಡುವ ವಿಧಾನವಿದೆ. ನಾಲ್ಕನೇ ಫೀಡರಿನ (ವಿತರಣಾ ಲೈನಿನ) ಬದಲು ಐದನೆಯದನ್ನು ಒತ್ತಿಬಿಡುವಂಥ ಕೈತಪ್ಪನ್ನು ತಡೆಯುವುದಕ್ಕೆ ಅದು ಬಹಳ ಒಳ್ಳೆಯದು, ಆದರೆ ಬೇರೆಯವರ ಕೈಯನ್ನು ಅದು ತಡೆಯುವುದಿಲ್ಲ. ಕಳಿಸಿದವರ ಗುರುತು, ಅವರಿಗಿರುವ ಅಧಿಕಾರ ಇವುಗಳನ್ನು ಪರೀಕ್ಷಿಸುವ ವ್ಯವಸ್ಥೆ ಭದ್ರತೆಗೆಂದೇ ಇರುವ ಐಇಸಿ 62351 ಎಂಬ ಬೇರೆ ಮಾನದಂಡದಲ್ಲಿದೆ. ನಿಮ್ಮ ರಿಲೇಯಲ್ಲಿ ಅದು ಇದೆಯೇ, ಇದ್ದರೆ ಚಾಲೂ ಮಾಡಿದ್ದಾರೆಯೇ ಎಂಬುದನ್ನು ಪ್ಯಾನೆಲ್ ನೋಡದೆ ನಾನು ಹೇಳಲಾರೆ. ನಾನು ನೋಡಿದ ಹೆಚ್ಚಿನ ಕಡೆ ಕಂಪನಿಯಿಂದ ಬಂದ ಪಾಸ್‌ವರ್ಡನ್ನೇ ಬದಲಾಯಿಸಿರಲಿಲ್ಲ.

ಇನ್ನು ವಿಪಿಎನ್, ಅಂದರೆ ಇಂಟರ್ನೆಟ್ ಮೇಲೆ ಹಾಯುವ ಗೂಢಲಿಪಿಯ ಖಾಸಗಿ ದಾರಿ. ಖಂಡಿತ ಹಾಕಿಸಿ, ಆದರೆ ಅದನ್ನೇ ನಂಬಿ ಕೂರಬೇಡಿ. 2015ರ ಡಿಸೆಂಬರ್ 23ರಂದು ಉಕ್ರೇನಿನ ವಿತರಣಾ ಕಂಪನಿಗಳ ಬ್ರೇಕರ್‌ಗಳನ್ನು ದೂರದಿಂದಲೇ ತೆರೆದು ಸುಮಾರು 2.25 ಲಕ್ಷ ಗ್ರಾಹಕರನ್ನು ಕತ್ತಲಿಗೆ ತಳ್ಳಿದವರು ಕದ್ದ ಪಾಸ್‌ವರ್ಡ್ ಹಿಡಿದು ವಿಪಿಎನ್ ಮೂಲಕವೇ ಒಳಬಂದಿದ್ದರು. ಕೆಲವು ಗಂಟೆಗಳಲ್ಲಿ ಕರೆಂಟ್ ಮರಳಿದ್ದು, ಸಿಬ್ಬಂದಿ ಸಬ್‌ಸ್ಟೇಷನ್‌ಗಳಿಗೆ ಹೋಗಿ ಕೈಯಿಂದ ಬ್ರೇಕರ್ ಹಾಕಿದ್ದರಿಂದ.

ಸಿದ್ದಾಪುರದ ಕಡೆಯ ತೋಟವೊಂದರಲ್ಲಿ ನಡೆದದ್ದನ್ನು ಹೇಳುತ್ತೇನೆ. ಪಲ್ಪಿಂಗ್ ಘಟಕ, ಪಂಪ್‌ಹೌಸ್, ಹೋಂಸ್ಟೇ ಎಲ್ಲಕ್ಕೂ ಒಂದೇ 11 ಕೆವಿ ಸಂಪರ್ಕ. ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ತೋಟದೊಳಗಿನ ಲೈನಿನ ಮೇಲೆ ಕೊಂಬೆ ಬಿತ್ತು. ಎಲೆಕ್ಟ್ರೀಷಿಯನ್ ಬ್ರೇಕರ್ ಆಫ್ ಮಾಡಿ, ಆಜ್ಞೆ ಸ್ಥಳದಿಂದ (ಲೋಕಲ್) ಬರಬೇಕೋ ದೂರದಿಂದ (ರಿಮೋಟ್) ಬರಬೇಕೋ ಎಂದು ಆರಿಸುವ ಸೆಲೆಕ್ಟರ್ ಸ್ವಿಚ್ಚನ್ನು ಲೋಕಲ್‌ಗೆ ತಿರುಗಿಸಿ, ಲೈನಿನ ಎರಡೂ ಬದಿಗೆ ಅರ್ತ್ ರಾಡ್ (ಲೈನನ್ನು ನೆಲಕ್ಕೆ ಜೋಡಿಸುವ ಸರಳು) ಹಾಕಿ ಕೆಲಸಕ್ಕಿಳಿದರು. ಲೈನನ್ನು ಬೇರ್ಪಡಿಸುವ ಜಿಓಎಸ್ ಸ್ವಿಚ್ಚಿನ ಹಿಡಿಕೆ ತುಕ್ಕು ಹಿಡಿದು ಅಲುಗಾಡದಿದ್ದರಿಂದ ಅದನ್ನು ತೆರೆದಿರಲಿಲ್ಲ, ಅದು ತಪ್ಪೇ. ಅತ್ತ ಬೆಂಗಳೂರಿನಲ್ಲಿದ್ದ ಮಾಲೀಕರ ಮೊಬೈಲಿನಲ್ಲಿ ಬ್ರೇಕರ್ ಆಫ್ ಎಂದು ಕಂಡಿತು. ಮಳೆಗೆ ಟ್ರಿಪ್ ಆಗಿರಬೇಕೆಂದು ಆನ್ ಒತ್ತಿದರು. 'ಖಚಿತವೇ' ಎಂದದ್ದಕ್ಕೆ ಹೌದು ಎಂದೂ ಒತ್ತಿದರು. ಪ್ಯಾನೆಲಿನಿಂದ ಠಪ್, ಠಪ್ ಎಂದು ಎರಡು ಸದ್ದು. ಬ್ರೇಕರ್ ಅರ್ತ್ ಆದ ಲೈನಿನ ಮೇಲೆ ಕೂಡಿ, ಆ ಕ್ಷಣವೇ ಓವರ್‌ಕರೆಂಟ್‌ನಲ್ಲಿ ಬಿಚ್ಚಿಕೊಂಡಿತ್ತು. ಆ ಎರಡು ರಾಡ್ ಇಲ್ಲದಿದ್ದರೆ ಎಲೆಕ್ಟ್ರೀಷಿಯನ್ ಜೀವಂತ ಮನೆಗೆ ಹೋಗುತ್ತಿರಲಿಲ್ಲ.

ನಾನು ಹೋಗಿ ರಿಲೇಯ ಈವೆಂಟ್ ಲಾಗ್ ತೆರೆದೆ. "ಕ್ಲೋಸ್ ಆಜ್ಞೆ, ರಿಮೋಟ್" ಎಂದಿತ್ತು, ಯಾರದೆಂದು ಇರಲಿಲ್ಲ. ಸ್ವಿಚ್ ಲೋಕಲ್‌ನಲ್ಲೇ ಇತ್ತು, ಲೋಕಲ್ ದೀಪವೂ ಉರಿಯುತ್ತಿತ್ತು. ಆದರೆ ಆ ಸ್ವಿಚ್ಚಿನ ವೈರು ಹೋಗಿದ್ದದ್ದು ದೀಪಕ್ಕೆ ಮತ್ತು ರಿಲೇಯ ಒಂದು ಇನ್‌ಪುಟ್‌ಗೆ ಮಾತ್ರ. ಮಾಡ್‌ಬಸ್‌ನಿಂದ ಬರುವ ಆಜ್ಞೆ ಆ ಇನ್‌ಪುಟ್ ನೋಡಬೇಕೆಂದು ರಿಲೇಯ ಲಾಜಿಕ್‌ನಲ್ಲಿ ಯಾರೂ ಬರೆದಿರಲಿಲ್ಲ. ಎಲೆಕ್ಟ್ರೀಷಿಯನ್ ಪೆಚ್ಚಾಗಿ "ಲೋಕಲ್‌ಗೆ ಹಾಕಿದ್ದೆ ಸಾರ್" ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಆ ಮನುಷ್ಯ ಕಲಿತದ್ದನ್ನು ಮಾಡಿದ್ದರು, ವೈರಿಂಗ್ ಅವರಿಗೆ ಮೋಸ ಮಾಡಿತ್ತು.

ಹಾಗಾಗಿ ನಾನು ಪಟ್ಟು ಹಿಡಿಯುವುದು ಒಂದು ತುಂಡು ವೈರಿಗಾಗಿ. ದೂರದ ಆಜ್ಞೆ ಬ್ರೇಕರನ್ನು ಆನ್ ಮಾಡುವ ಕ್ಲೋಸಿಂಗ್ ಕಾಯಿಲ್ ತಲುಪುವ ದಾರಿ ಸೆಲೆಕ್ಟರ್ ಸ್ವಿಚ್ಚಿನ ರಿಮೋಟ್ ಕಾಂಟ್ಯಾಕ್ಟ್ ಮೂಲಕವೇ ಹಾಯಬೇಕು, ಲೋಕಲ್‌ಗೆ ತಿರುಗಿಸಿದರೆ ಆ ದಾರಿ ತಾಮ್ರದಲ್ಲೇ ಕಡಿಯಬೇಕು; ಆಗ ನೆಟ್‌ವರ್ಕ್‌ನಲ್ಲಿ ಯಾರು ಕೂತಿದ್ದರೂ, ಸಾಫ್ಟ್‌ವೇರ್ ಏನೇ ಹೇಳಿದರೂ ಬ್ರೇಕರ್ ಕೂಡುವುದಿಲ್ಲ. ರಕ್ಷಣೆಯ ಟ್ರಿಪ್ಪನ್ನು ಮಾತ್ರ ಈ ಸ್ವಿಚ್ಚಿನ ಮೂಲಕ ಎಂದೂ ಹಾಯಿಸಬಾರದು, ಅದು ಎರಡೂ ಸ್ಥಾನದಲ್ಲಿ ಕೆಲಸ ಮಾಡಬೇಕು. ವೈರಿಂಗ್ ಮುಗಿದ ಮೇಲೆ, ಐಸೊಲೇಟರ್ (ಲೈನಿನಿಂದ ಬೇರ್ಪಡಿಸುವ ಸ್ವಿಚ್) ತೆರೆದಿಟ್ಟು, ಸ್ವಿಚ್ ಲೋಕಲ್‌ನಲ್ಲಿರುವಾಗ ಲ್ಯಾಪ್‌ಟಾಪ್‌ನಿಂದ ಕ್ಲೋಸ್ ಆಜ್ಞೆ ಕಳಿಸಿ, ಬ್ರೇಕರ್ ಅಲುಗದಿರುವುದನ್ನು ಮಾಲೀಕರೂ ಎಲೆಕ್ಟ್ರೀಷಿಯನ್ನರೂ ಕಣ್ಣಾರೆ ನೋಡಲಿ. ಈ ಕೆಲಸವನ್ನು ಲೈಸೆನ್ಸ್ ಇರುವವರಿಂದಲೇ ಮಾಡಿಸಿ. ಓದಿದ್ದಷ್ಟರಿಂದ ಪ್ಯಾನೆಲ್ ಬಿಚ್ಚಬೇಡಿ.

ಆ ತೋಟದಲ್ಲಿ ವೈರು ಬದಲಾಯಿತು, ಜಿಓಎಸ್‌ಗೆ ಹೊಸ ಹಿಡಿಕೆ ಬಂತು, ಸೆಲೆಕ್ಟರಿಗೆ ಹಾಕಿದ ಬೀಗದ ಕೀಲಿ ಈಗ ಎಲೆಕ್ಟ್ರೀಷಿಯನ್ನರ ಜೇಬಿನಲ್ಲಿದೆ. ಮಾಲೀಕರ ಮೊಬೈಲಿನಲ್ಲಿ ವೋಲ್ಟೇಜು, ಕರೆಂಟು, ಬ್ರೇಕರ್ ಸ್ಥಿತಿ ಎಲ್ಲ ಕಾಣುತ್ತದೆ, ಆಜ್ಞೆ ಕೊಡುವ ಗುಂಡಿ ಇಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ಫೆಬ್ರವರಿ, ಮಾರ್ಚ್‌ನಲ್ಲಿ ರಾತ್ರಿ ಸ್ಪ್ರಿಂಕ್ಲರ್ ಓಡಿಸಬೇಕೆಂಬ ಅವರ ಅಗತ್ಯ ನಿಜವಾದದ್ದೇ. ಅದಕ್ಕೆ ಪಂಪಿನ ಸ್ಟಾರ್ಟರಿಗೆ ಬೇರೆಯೇ ರಿಮೋಟ್ ಕೂರಿಸಿ ಕೊಟ್ಟಿದ್ದೇನೆ.