ವರ್ಗಮೂಲವಿದ್ದರೂ ವರ್ಗಕ್ಕೆ ವಿಲೋಮವಿಲ್ಲ ಎನ್ನುವುದೇಕೆ?

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿ. ಯ = ಕ್ಷ² ಎಂಬ ಫಲನವು ಒಂದಕ್ಕೊಂದು ಅಲ್ಲ, ಆದ್ದರಿಂದ ಅದಕ್ಕೆ ವಿಲೋಮವಿಲ್ಲ ಎಂದು ತರಗತಿಯಲ್ಲಿ ಹೇಳಿದರು. ವರ್ಗದ ವಿಲೋಮ ವರ್ಗಮೂಲವೇ ಅಲ್ಲವೇ? 9ರ ವರ್ಗಮೂಲ 3 ಎಂದು ಕ್ಯಾಲ್ಕುಲೇಟರ್ ಕೂಡ ತೋರಿಸುತ್ತದೆಯಲ್ಲ?

ಉತ್ತರ: ಕ್ಯಾಲ್ಕುಲೇಟರ್ ತೋರಿಸುವುದೂ ಸರಿ, ನಿಮ್ಮ ಅಧ್ಯಾಪಕರು ಹೇಳಿದ್ದೂ ಸರಿ. ಫಲನವೆಂದರೆ ಕೊಟ್ಟ ಪ್ರತಿಯೊಂದಕ್ಕೂ ಒಂದೇ ಉತ್ತರ ಕೊಡುವ ನಿಯಮ. 3ರ ವರ್ಗ 9, ಅದರ ವರ್ಗಮೂಲ ತೆಗೆದರೆ 3 ಮರಳಿ ಸಿಗುತ್ತದೆ. ಇದೇ ಕೆಲಸವನ್ನು −3ರಿಂದ ಆರಂಭಿಸಿ ನೋಡಿ: ವರ್ಗ 9, ವರ್ಗಮೂಲ 3. ಹೊರಟ ಊರು ಒಂದು, ಮರಳಿ ಸೇರಿದ ಊರು ಇನ್ನೊಂದು. ವಿಲೋಮ ಎನಿಸಿಕೊಳ್ಳಬೇಕಾದ ಫಲನವು, ಮೂಲ ಫಲನಕ್ಕೆ ನಾವು ಕೊಡಬಹುದಾದ ಪ್ರತಿಯೊಂದು ಸಂಖ್ಯೆಯನ್ನೂ, ಒಂದನ್ನೂ ಬಿಡದೆ, ಅದು ಹೊರಟಲ್ಲಿಗೇ ತಂದು ಮುಟ್ಟಿಸಬೇಕು. ವರ್ಗಮೂಲ ಈ ಕೆಲಸವನ್ನು ಅರ್ಧದಷ್ಟು ಸಂಖ್ಯೆಗಳಿಗೆ ಮಾತ್ರ ಮಾಡುತ್ತದೆ.

ಎಸ್ಸೆಸ್ಸೆಲ್ಸಿ ಪರೀಕ್ಷೆಯ ನೋಂದಣಿ ಸಂಖ್ಯೆಯನ್ನು ನೆನಪಿಸಿಕೊಳ್ಳಿ. ವಿದ್ಯಾರ್ಥಿಯಿಂದ ನೋಂದಣಿ ಸಂಖ್ಯೆಗೆ ಹೋಗುವುದು ಒಂದು ಫಲನ; ಇಬ್ಬರಿಗೆ ಒಂದೇ ಸಂಖ್ಯೆ ಇರುವುದಿಲ್ಲವಾದ್ದರಿಂದ ಸಂಖ್ಯೆ ಹಿಡಿದು ವಿದ್ಯಾರ್ಥಿಯನ್ನು ಹುಡುಕಬಹುದು. ವಿದ್ಯಾರ್ಥಿಯಿಂದ ಅವನ ಗಣಿತದ ಅಂಕಕ್ಕೆ ಹೋಗುವುದೂ ಫಲನವೇ, ಏಕೆಂದರೆ ಒಬ್ಬನಿಗೆ ಒಂದೇ ಅಂಕ. ಆದರೆ 87 ಅಂಕ ಪಡೆದವನು ಯಾರು ಎಂದು ಕೇಳಿದರೆ ಹಲವರು ಎದ್ದು ನಿಲ್ಲಬಹುದು, ಹಾಗಾಗಿ ಅಲ್ಲಿ ಹಿಂದಿರುಗುವ ದಾರಿಯಿಲ್ಲ. ಎರಡು ಬೇರೆ ಬೇರೆ ಬೆಲೆಗಳು ಎಂದೂ ಒಂದೇ ಉತ್ತರಕ್ಕೆ ಬಂದು ಸೇರದಿದ್ದರೆ ಮಾತ್ರ ಫಲನವು ಒಂದಕ್ಕೊಂದು, ಅಂದರೆ ತರಗತಿಯ ಮಾತಿನಲ್ಲಿ ಒನ್-ಒನ್.

ಬೀಜಗಣಿತದಲ್ಲಿ ಇದನ್ನು ಪರೀಕ್ಷಿಸುವ ಕ್ರಮ ನಿಮಗೆ ಗೊತ್ತಿರುತ್ತದೆ: ಅ ಮತ್ತು ಬ ಎಂಬ ಬೆಲೆಗಳು ಒಂದೇ ಉತ್ತರ ಕೊಡುತ್ತವೆ ಎಂದುಕೊಂಡು, ಅ = ಬ ಆಗಲೇಬೇಕೇ ಎಂದು ನೋಡುವುದು. ಅ² = ಬ² ಎಂದರೆ (ಅ − ಬ)(ಅ + ಬ) = 0. ಮೊದಲ ಆವರಣ ಸೊನ್ನೆಯಾದರೆ ತೊಂದರೆಯಿಲ್ಲ; ಎರಡನೆಯದು ಸೊನ್ನೆಯಾದರೆ ಅ = −ಬ, ಮತ್ತು ತಪ್ಪಿಸಿಕೊಳ್ಳುವ ಬಾಗಿಲು ಅದೇ. ಘನದಲ್ಲಿ ಈ ಕಾಟವಿಲ್ಲ. ಘನ −8 ಆಗುವ ವಾಸ್ತವ ಸಂಖ್ಯೆ −2 ಒಂದೇ.

ವಿಲೋಮ ಇರುವ ಫಲನಗಳಲ್ಲಿ ಅದನ್ನು ಕಂಡುಹಿಡಿಯುವುದೆಂದರೆ ಮಾಡಿದ ಕ್ರಿಯೆಗಳನ್ನು ಕೊನೆಯಿಂದ ಬಿಚ್ಚುತ್ತ ಬರುವುದು. ಸೆಲ್ಸಿಯಸ್ಸನ್ನು ಫ್ಯಾರನ್‌ಹೀಟ್‌ಗೆ ತರಲು 9ರಿಂದ ಗುಣಿಸಿ, 5ರಿಂದ ಭಾಗಿಸಿ, ಕೊನೆಗೆ 32 ಕೂಡಿಸುತ್ತೇವೆ. ಜ್ವರ ನೋಡುವ ಥರ್ಮಾಮೀಟರಿನ 98.6ರಿಂದ ಹಿಂದಕ್ಕೆ ಬರಬೇಕಾದರೆ ಮೊದಲು 32 ಕಳೆಯಬೇಕು, ಉಳಿಯುವ 66.6ನ್ನು 5ರಿಂದ ಗುಣಿಸಿ 9ರಿಂದ ಭಾಗಿಸಿದರೆ 37. ಕ್ರಿಯೆಗಳನ್ನು ತಿರುಗಿಸಿ ಅವುಗಳ ಕ್ರಮವನ್ನು ತಿರುಗಿಸಲು ಮರೆಯುವುದು ಇಲ್ಲಿ ಬಹಳ ಸಲ ಆಗುವ ತಪ್ಪು.

ಈ ವಿಧಾನವೂ 'ವಿಲೋಮ' ಎಂಬ ಪದವೂ ನಮ್ಮಲ್ಲಿ ಹಳೆಯವು. ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ಲೀಲಾವತಿಯಲ್ಲಿ, ಚಂಚಲಾಕ್ಷಿಯೊಬ್ಬಳನ್ನು ಕರೆದು, ನಿನಗೆ ವಿಲೋಮಕ್ರಿಯೆ ಗೊತ್ತಿದ್ದರೆ ಹೇಳು ಎಂದು ಕೇಳುವ ಲೆಕ್ಕವೊಂದಿದೆ. ಒಂದು ಸಂಖ್ಯೆಯನ್ನು 3ರಿಂದ ಗುಣಿಸಿ, ಬಂದುದಕ್ಕೆ ಅದರದೇ ಮುಕ್ಕಾಲು ಭಾಗ ಸೇರಿಸಿ, 7ರಿಂದ ಭಾಗಿಸಿ, ಭಾಗಲಬ್ಧದಿಂದ ಅದರ ಮೂರನೆಯ ಒಂದು ಭಾಗವನ್ನು ಕಳೆದು, ವರ್ಗ ಮಾಡಿ, 52 ಕಳೆದು, ವರ್ಗಮೂಲ ತೆಗೆದು, 8 ಕೂಡಿಸಿ, 10ರಿಂದ ಭಾಗಿಸಿದಾಗ 2 ಬಂದರೆ ಆ ಸಂಖ್ಯೆ ಯಾವುದು? ಹಿಂದಿನಿಂದ ಬಿಚ್ಚೋಣ: 2ರ ಹತ್ತರಷ್ಟು 20, 8 ಕಳೆದರೆ 12, ವರ್ಗ 144, 52 ಕೂಡಿಸಿದರೆ 196, ಅದರ ಮೂಲ 14. ತನ್ನ ಮೂರನೆಯ ಒಂದು ಭಾಗ ಕಳೆದುಕೊಂಡು 14 ಆದದ್ದು 21. ಅದರ ಏಳರಷ್ಟು 147. ಮುಕ್ಕಾಲು ಸೇರಿ 147 ಆದದ್ದು 84. 3ರಿಂದ ಭಾಗಿಸಿದರೆ 28. ಲೀಲಾವತಿಯ ಉತ್ತರವೂ ಇದೇ.

ಆದರೆ ನಿಮ್ಮ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು 196ರ ಬಳಿ ಒಂದು ಕ್ಷಣ ನಿಲ್ಲಿ. ವರ್ಗ 196 ಆಗುವ ಸಂಖ್ಯೆ 14 ಮಾತ್ರವಲ್ಲ, −14 ಕೂಡ. ಆ ದಾರಿಯಲ್ಲಿ ಹೋದರೆ −21, −147, −84, ಕೊನೆಗೆ −28. ಲೆಕ್ಕವನ್ನು −28ರಿಂದ ಮೊದಲಿನಿಂದ ಮಾಡಿ ನೋಡಿ, 2 ಬಂದೇ ಬರುತ್ತದೆ. ಇದು ಭಾಸ್ಕರರ ಕಣ್ತಪ್ಪು ಎಂದು ನನಗನ್ನಿಸುವುದಿಲ್ಲ. ಧನಸಂಖ್ಯೆಗೆ ಧನ, ಋಣ ಎರಡೂ ಮೂಲಗಳುಂಟೆಂದು ಅವರೇ ತಮ್ಮ 'ಬೀಜಗಣಿತ' ಎಂಬ ಗ್ರಂಥದಲ್ಲಿ ಹೇಳಿದ್ದಾರೆ. ಕೇಳಿದ್ದು ಧನಸಂಖ್ಯೆಯನ್ನು ಎಂದು ಇಟ್ಟುಕೊಂಡರೆ 28 ಒಂದೇ ಉಳಿಯುತ್ತದೆ.

ಇಂದಿನ ಪಠ್ಯಗಳು ಬಾಯಿಬಿಟ್ಟು ಹೇಳುವುದು ಇದನ್ನೇ: ಫಲನಕ್ಕೆ ಯಾವ ಸಂಖ್ಯೆಗಳನ್ನು ಕೊಡುತ್ತೇವೆ ಎಂಬುದೂ ಫಲನದ ಭಾಗ. ಯ = ಕ್ಷ² ಎಂದು ಬರೆದು, ಕ್ಷ ಸೊನ್ನೆ ಅಥವಾ ಅದಕ್ಕಿಂತ ಹೆಚ್ಚು ಎಂದು ಸೇರಿಸಿದರೆ ಅದು ಬೇರೆಯೇ ಫಲನ, ಒಂದಕ್ಕೊಂದು ಫಲನ, ಮತ್ತು ವರ್ಗಮೂಲ ಅದರ ನಿಜವಾದ ವಿಲೋಮ. ಉತ್ತರಗಳ ಗಣವನ್ನೂ ಸೊನ್ನೆ ಮತ್ತು ಧನಸಂಖ್ಯೆಗಳಿಗೆ ಸೀಮಿತಗೊಳಿಸಬೇಕು, ಇಲ್ಲವಾದರೆ −5 ಎಲ್ಲಿಂದ ಬಂತೆಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ನಿಮ್ಮ ಪಠ್ಯ ಒನ್-ಒನ್ ಜೊತೆಗೆ ಆನ್‌ಟು (ಉತ್ತರಗಳ ಗಣದ ಪ್ರತಿಯೊಂದು ಸಂಖ್ಯೆಯೂ ಯಾವುದಾದರೂ ಬೆಲೆಯಿಂದ ಬಂದಿರಬೇಕು) ಎಂದೂ ಕೇಳುವುದು ಇದಕ್ಕಾಗಿಯೇ. ಸೈನ್ ಫಲನದಲ್ಲೂ ಇದೇ ಒಪ್ಪಂದ: 30 ಡಿಗ್ರಿಗೂ 150 ಡಿಗ್ರಿಗೂ ಸೈನ್ ಬೆಲೆ ಅರ್ಧವೇ, ಆದರೆ ಕ್ಯಾಲ್ಕುಲೇಟರಿನ ಸೈನ್⁻¹ ಗುಂಡಿ −90ರಿಂದ 90 ಡಿಗ್ರಿಯೊಳಗಿನ 30ನ್ನಷ್ಟೇ ಕೊಡುತ್ತದೆ. (ಆ −1 ಘಾತವಲ್ಲ, ವಿಲೋಮದ ಗುರುತು, 1813ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಜಾನ್ ಹರ್ಷಲ್ ಬಳಕೆಗೆ ತಂದ ಈ ಗುರುತಿನಿಂದ ಇಂದಿಗೂ ವಿದ್ಯಾರ್ಥಿಗಳು 'ಒಂದು ಭಾಗಿಸು ಸೈನ್' ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ.)

ವರ್ಗದ ಫಲನದಲ್ಲಿ ಸಂಖ್ಯಾರೇಖೆಯ ಬಲ ಅರ್ಧವನ್ನೇ ಉಳಿಸಿಕೊಳ್ಳಬೇಕೆಂಬ ನಿಯಮವೇನೂ ಇಲ್ಲ. ಕ್ಷ ಸೊನ್ನೆ ಅಥವಾ ಅದಕ್ಕಿಂತ ಕಡಿಮೆ ಎಂದು ಎಡ ಅರ್ಧವನ್ನು ಆರಿಸಿಕೊಂಡರೂ ಫಲನ ಒಂದಕ್ಕೊಂದೇ ಆಗುತ್ತದೆ. ಆಗ ಅದರ ವಿಲೋಮ −√ಯ, ಮತ್ತು 9 ಮರಳಿ ಹೋಗುವುದು −3ಕ್ಕೆ.