ಮೋಬಿಯಸ್ ಇರುವವರ ಹಗಲು ನಿದ್ದೆ: ಪರೀಕ್ಷೆ ದಾರಿ ತಪ್ಪಿಸುವುದೆಲ್ಲಿ?

ಹಗಲಿನ ಅತಿಯಾದ ನಿದ್ದೆ ಅಂದ ಕೂಡಲೇ ನಮ್ಮ ತಲೆಗೆ ಬರುವುದು ನಾರ್ಕೊಲೆಪ್ಸಿ, ಅಂದರೆ ಮಿದುಳಿಗೆ ನಿದ್ದೆ-ಎಚ್ಚರದ ಹಿಡಿತ ತಪ್ಪುವ ಕಾಯಿಲೆ. ಅದನ್ನು ಪತ್ತೆ ಮಾಡುವ ಕ್ರಮ ಪುಸ್ತಕದಲ್ಲಿ ಸಲೀಸಾಗಿ ಕಾಣುತ್ತದೆ. ಆದರೆ ರೋಗಿಗೆ ಹುಟ್ಟಿನಿಂದಲೇ ಮುಖದ ನರಗಳ ತೊಂದರೆ ಇದ್ದರೆ ಅದೇ ಕ್ರಮ ತಪ್ಪು ಉತ್ತರ ಕೊಡಬಹುದು. ಮೋಬಿಯಸ್ ಸಿಂಡ್ರೋಮ್ ಅದಕ್ಕೆ ಒಳ್ಳೆಯ ಉದಾಹರಣೆ. ಚಿಕ್ಕಬಳ್ಳಾಪುರದಲ್ಲಿ ಜೊತೆಗೆ ಓದುತ್ತಿರುವ ನಮ್ಮ ಗುಂಪಿಗಾಗಿ ಇದನ್ನು ಬರೆದಿದ್ದೇನೆ. ಹಾಗಾಗಿ ಉದಾಹರಣೆಗಳೂ ನಮ್ಮ ಕಡೆಯವೇ.

ಜರ್ಮನಿಯ ನರವೈದ್ಯ ಪಾಲ್ ಮೋಬಿಯಸ್ 1888ರಲ್ಲಿ ಇದನ್ನು ವಿವರಿಸಿದರು. ಮಿದುಳಿನಿಂದ ಹೊರಡುವ ಆರನೇ ಮತ್ತು ಏಳನೇ ನರಗಳು ಇಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಏಳನೆಯದು ಮುಖದ ಸ್ನಾಯುಗಳ ನರ. ಅದು ಸೋತರೆ ನಗು ಮುಖದ ಮೇಲೆ ಮೂಡುವುದಿಲ್ಲ, ತುಟಿ ಕೂಡುವುದಿಲ್ಲ, ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಆರನೆಯದು ಕಣ್ಣುಗುಡ್ಡೆಯನ್ನು ಹೊರಬದಿಗೆ ಎಳೆಯುವ ನರ. ಅದಿಲ್ಲದವರು ಪಕ್ಕಕ್ಕೆ ನೋಡಬೇಕಾದರೆ ತಲೆಯನ್ನೇ ತಿರುಗಿಸುತ್ತಾರೆ. ವಯಸ್ಸಾದಂತೆ ಜಾಸ್ತಿಯಾಗುವ ಕಾಯಿಲೆ ಇದಲ್ಲ. ಕೆಲವರಿಗೆ ಚಿಕ್ಕ ದವಡೆ, ಸೀಳು ಅಂಗುಳ ಕೂಡ ಇರುತ್ತದೆ.

ಇಂಥ ಮುಖ ನೋಡಿದವರಿಗೆ "ಇವನು ಯಾವಾಗ್ಲೂ ತೂಕಡಿಸ್ತಾನೆ" ಅನ್ನಿಸಿಬಿಡುತ್ತದೆ. ಶಾಲೆಯ ಮೇಷ್ಟ್ರು ಹಾಗೆ ಹೇಳಿದರು ಅಂತ ಅದನ್ನೇ ಲಕ್ಷಣವೆಂದು ಬರೆದುಕೊಳ್ಳಬೇಡಿ. ಉಲ್ಟಾನೂ ಆಗುತ್ತದೆ. ರೆಪ್ಪೆ ಮುಚ್ಚದ ಮಗು ಅರೆಗಣ್ಣು ಬಿಟ್ಟುಕೊಂಡೇ ನಿದ್ದೆ ಹೋಗಿರುತ್ತದೆ, ಎದುರಿಗಿದ್ದವರು ಎಚ್ಚರವಿದೆ ಅಂದುಕೊಳ್ಳುತ್ತಾರೆ. ಅದಕ್ಕೇ ಮುಖ ಬಿಟ್ಟು ಬೇರೆ ಸಾಕ್ಷಿ ಹುಡುಕಬೇಕು. ನೋಟ್ಸ್ ಬರೆಯುತ್ತಾ ಬರೆಯುತ್ತಾ ಅಕ್ಷರ ಗೀಚಾಗಿ ಹೋಗಿದೆಯಾ? ಕೈಯಿಂದ ಪೆನ್ನು ಬಿತ್ತಾ? ಬಸ್ಸಲ್ಲಿ ಇಳಿಯಬೇಕಾದ ಊರು ದಾಟಿಹೋಯ್ತಾ? ನನಗೆ ಯಾವುದೇ ಅಂಕಪಟ್ಟಿಗಿಂತ ಇಂಥ ಪ್ರಶ್ನೆಗಳ ಮೇಲೆಯೇ ಹೆಚ್ಚು ನಂಬಿಕೆ. ಅಂಕಪಟ್ಟಿಯೂ ಬೇಕು, ನಿಜ. ಹಗಲು ಎಷ್ಟು ಸುಲಭವಾಗಿ ತೂಕಡಿಕೆ ಬರುತ್ತದೆ ಎಂದು ಕೇಳುವ ಎಪ್ವರ್ತ್ ಪಟ್ಟಿಯಲ್ಲಿ 8 ಸನ್ನಿವೇಶ, ಒಂದೊಂದಕ್ಕೆ 0ಯಿಂದ 3, ಒಟ್ಟು 24. 10 ದಾಟಿದರೆ ನಿದ್ದೆ ಜಾಸ್ತಿ ಎಂದೇ ಲೆಕ್ಕ.

ರಾತ್ರಿ ನಿದ್ದೆ ಸಾಕಾಗುತ್ತಿದೆಯಾ ಎಂದು ಮೊದಲು ತಿಳಿದುಕೊಳ್ಳಬೇಕು. ಶಿಡ್ಲಘಟ್ಟ ಕಡೆಯ ರೇಷ್ಮೆ ಮನೆಯಲ್ಲಿ "ಹುಡುಗ ಎಷ್ಟೊತ್ತಿಗೆ ಮಲಗ್ತಾನಮ್ಮ?" ಅಂತ ಕೇಳಿದರೆ "ನಾಲ್ಕನೇ ಜ್ವರ ಎದ್ದ ಮೇಲೆ ಯಾರಿಗೆ ನಿದ್ದೆ ಸ್ವಾಮಿ, ರಾತ್ರಿನೂ ಸೊಪ್ಪು ಹಾಕ್ಬೇಕಲ್ಲ" ಎಂಬ ಉತ್ತರ ಬರಬಹುದು. ನಾಲ್ಕನೇ ಜ್ವರ ಅಂದರೆ ರೇಷ್ಮೆ ಹುಳ ನಾಲ್ಕನೇ ಸಲ ಪೊರೆ ಬಿಡುವ ಹೊತ್ತು. ಅದಾದ ಮೇಲೆ ಹುಳ ಗೂಡು ಕಟ್ಟಲು ಚಂದ್ರಿಕೆಗೆ (ಬಿದಿರಿನ ತಟ್ಟೆಗೆ) ಹತ್ತುವವರೆಗೆ ಆ ಮನೆಯವರ ನಿದ್ದೆಯ ಲೆಕ್ಕವೇ ಬೇರೆ. ಆ ವಾರ ತುಂಬಿಸಿದ ನಿದ್ದೆಯ ಡೈರಿ ನಮಗೆ ಉಪಯೋಗಕ್ಕೆ ಬರುವುದಿಲ್ಲ. ಪರೀಕ್ಷೆಗೆ ಮುಂಚೆ ಒಂದೆರಡು ವಾರದ ಡೈರಿ ಬೇಕು, ಅದೂ ಮಾಮೂಲಿ ದಿನಗಳದ್ದು. ರಕ್ತಹೀನತೆ, ಥೈರಾಯ್ಡ್, ಮಂಪರು ತರುವ ಮಾತ್ರೆ ಇವನ್ನೂ ನೋಡಿಕೊಳ್ಳಿ. ಖಿನ್ನತೆಯ ಮಾತ್ರೆಗಳಲ್ಲಿ ಬಹಳಷ್ಟು ರೆಮ್ ನಿದ್ದೆಯನ್ನು (ಕಣ್ಣುಗುಡ್ಡೆ ಸರಸರ ಓಡುವ, ಕನಸಿನ ಹಂತವನ್ನು) ಅದುಮಿಡುತ್ತವೆ. ಬರೆದುಕೊಟ್ಟ ವೈದ್ಯರನ್ನು ಕೇಳಿಯೇ ಅವನ್ನು ನಿಲ್ಲಿಸಬೇಕು.

ಈಗ ಪರೀಕ್ಷೆ. ಮೊದಲ ರಾತ್ರಿ ಪಾಲಿಸೋಮ್ನೋಗ್ರಫಿ, ಅಂದರೆ ನಿದ್ದೆಯಲ್ಲಿ ಮಿದುಳಿನ ಅಲೆ, ಕಣ್ಣು, ಸ್ನಾಯು, ಉಸಿರನ್ನು ಗೆರೆಗಳಾಗಿ ದಾಖಲಿಸುವುದು. ದವಡೆ ಚಿಕ್ಕದಿದ್ದರೆ ಮಲಗಿದಾಗ ಉಸಿರುದಾರಿ ಕಟ್ಟಿಕೊಳ್ಳುವುದು ಸುಲಭ, ಆದ್ದರಿಂದ ಸ್ಲೀಪ್ ಅಪ್ನಿಯ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು) ಇದೆಯಾ ಎಂದು ಇಲ್ಲೇ ನೋಡಬೇಕು. ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ. ತುಟಿ ಕೂಡದವರಿಗೆ ಉಸಿರುದಾರಿ ತೆರೆದಿಡಲು ಗಾಳಿ ಊದುವ ಮೂಗಿನ ಮಾಸ್ಕ್ ಹಾಕಿದರೆ ಗಾಳಿ ಬಾಯಿಂದ ಸೋರಿಹೋಗುತ್ತದೆ ಎನ್ನುವುದೂ ನೆನಪಿರಲಿ. ರಾತ್ರಿ ಕನಿಷ್ಠ 6 ಗಂಟೆ ನಿದ್ದೆಯಾದರೆ ಮರುದಿನ ಎಂಎಸ್‌ಎಲ್‌ಟಿ, ಅಂದರೆ ಹಗಲಲ್ಲಿ ಎಷ್ಟು ಬೇಗ ನಿದ್ದೆ ಹತ್ತುತ್ತದೆ ಎಂದು ಅಳೆಯುವ ಪರೀಕ್ಷೆ: ಎರಡೆರಡು ಗಂಟೆಗೊಮ್ಮೆ, 5 ಸಲ ಮಲಗಿಸುತ್ತಾರೆ. ನಿದ್ದೆ ಹತ್ತಲು ಸರಾಸರಿ 8 ನಿಮಿಷ ಅಥವಾ ಕಡಿಮೆ ಹಿಡಿದು, ನಿದ್ದೆ ಹತ್ತಿದ 15 ನಿಮಿಷದೊಳಗೆ ರೆಮ್ ಬರುವುದು 2 ಸಲವಾದರೂ ಕಂಡರೆ ನಾರ್ಕೊಲೆಪ್ಸಿಯ ಕಡೆ ವಾಲುತ್ತೇವೆ. ಹಿಂದಿನ ರಾತ್ರಿ ಹಾಗೆ ಬೇಗ ಬಂದ ರೆಮ್ ಕೂಡ ಒಂದೆಂದು ಲೆಕ್ಕಕ್ಕೆ ಸೇರುತ್ತದೆ.

ರೆಮ್ ಬಂತು ಅಂತ ಗೊತ್ತಾಗುವುದು ಹೇಗೆ? ಮಿದುಳಿನ ಅಲೆ, ಕಣ್ಣಿನ ಸರಸರ ಓಟ, ಗದ್ದದ ಸ್ನಾಯು ಸಡಿಲವಾಗುವುದು, ಈ ಮೂರನ್ನೂ ಕೂಡಿಸಿ. ತೊಡಕಿರುವುದು ಇಲ್ಲೇ ನೋಡಿ. ಮೂರರಲ್ಲಿ ಎರಡು ಗುರುತನ್ನು ಮೋಬಿಯಸ್ ಮೊದಲೇ ಕಿತ್ತುಕೊಂಡಿರುತ್ತದೆ. ಕಣ್ಣು ಪಕ್ಕಕ್ಕೆ ಓಡದಿದ್ದರೆ ಬಂದ ರೆಮ್ ಕೈತಪ್ಪಬಹುದು, ಇರುವ ನಾರ್ಕೊಲೆಪ್ಸಿ ಇಲ್ಲ ಎಂದಾಗಬಹುದು. ಗದ್ದದ ಗೆರೆ ಎಚ್ಚರದಲ್ಲೂ ಚಪ್ಪಟೆಯಾಗಿದ್ದರೆ ಬರೀ ಮಂಪರನ್ನು ರೆಮ್ ಅಂದುಕೊಂಡು, ಇಲ್ಲದ ಕಾಯಿಲೆಗೆ ವರ್ಷಗಟ್ಟಲೆ ಮಾತ್ರೆ ನುಂಗಿಸಬಹುದು.

ದಾರಿ ಇದೆ. ಗದ್ದಕ್ಕೆ ಮೂರು ಎಲೆಕ್ಟ್ರೋಡ್ ಅಂಟಿಸುತ್ತೇವಲ್ಲ, ದವಡೆಯಂಚಿನ ಮೇಲಿನ ಒಂದು ಕೂರುವುದು ಮೆಂಟಾಲಿಸ್ ಸ್ನಾಯುವಿನ ಮೇಲೆ. ಅದು ಏಳನೇ ನರದ್ದು. ಅಂಚಿನ ಕೆಳಗಿನ ಎರಡರ ಅಡಿಯಲ್ಲಿ ಮೈಲೋಹೈಯಾಯ್ಡ್ ಮತ್ತು ಡೈಗ್ಯಾಸ್ಟ್ರಿಕ್‌ನ ಮುಂಭಾಗ ಇವೆ. ಇವೆರಡೂ ಐದನೇ ನರದವು, ಮೋಬಿಯಸ್‌ನಲ್ಲಿ ಸಾಮಾನ್ಯವಾಗಿ ಉಳಿದಿರುತ್ತವೆ. ಕೆಳಗಿನ ಎರಡನ್ನೇ ಒಂದಕ್ಕೊಂದು ಜೋಡಿಸಿ ನೋಡಿ. ಮುಂಗೈ ಸ್ನಾಯುವಿಗೂ ಒಂದು ಜೋಡಿ ಹಾಕಿ. ಕಣ್ಣಿನ ಮೇಲೆ ಕೆಳಗಿನ ಚಲನೆ ಬಹಳ ಮಂದಿಯಲ್ಲಿ ಉಳಿದಿರುತ್ತದೆ, ಅದನ್ನು ಹಿಡಿಯಲು ಕಣ್ಣಿನ ಮೇಲೊಂದು ಕೆಳಗೊಂದು ಎಲೆಕ್ಟ್ರೋಡ್ ಸೇರಿಸಿ.

ದೀಪ ಆರಿಸುವ ಮುಂಚಿನ ಬಯೋಕ್ಯಾಲಿಬ್ರೇಶನ್ (ರೋಗಿಗೆ ಹೇಳಿ ಮಾಡಿಸಿ ಗೆರೆಗಳು ಸರಿಯಾಗಿ ಬರುತ್ತಿವೆಯಾ ಎಂದು ನೋಡುವುದು) ಇವರಲ್ಲಿ ತುಂಬಾ ಮುಖ್ಯ. "ಮೇಲೆ ನೋಡಿ, ಕೆಳಗೆ ನೋಡಿ, ಎಡಕ್ಕೆ, ಬಲಕ್ಕೆ, ಹಲ್ಲು ಕಚ್ಚಿ, ಎಂಜಲು ನುಂಗಿ." ಯಾವುದಕ್ಕೆ ಗೆರೆ ಎದ್ದಿತು, ಯಾವುದಕ್ಕೆ ಏಳಲಿಲ್ಲ ಎಂದು ಅಲ್ಲೇ ಬರೆದಿಡಿ. ಬೆಳಿಗ್ಗೆ ಗೆರೆಗಳನ್ನು ಓದಿ ನಿದ್ದೆಯ ಹಂತ ಗುರುತಿಸುವವರು, ಅಂದರೆ ಸ್ಕೋರ್ ಮಾಡುವವರು, ಬೇರೆಯವರಾಗಿರುತ್ತಾರೆ, ಅವರು ರೋಗಿಯ ಮುಖ ಕಂಡಿರುವುದಿಲ್ಲ. ಅನುಮಾನ ಬಂದ ಕಡೆ ಮಿದುಳಿನ ಅಲೆಯಲ್ಲಿ ಗರಗಸದ ಹಲ್ಲಿನಂಥ ಅಲೆಗಳಿವೆಯಾ, ರೆಮ್ ಅಲ್ಲದ ನಿದ್ದೆಯ ಗುರುತಾದ ಸ್ಪಿಂಡಲ್ ಅಲೆ ಇಲ್ಲವೇ ಇಲ್ಲವಾ ಎಂದು ನೋಡಲಿ.

ಕ್ಯಾಟಪ್ಲೆಕ್ಸಿ (ನಗುವಿನಂಥ ಭಾವ ಉಕ್ಕಿದಾಗ ಎಚ್ಚರವಿದ್ದೇ ಸ್ನಾಯು ಸಡಿಲವಾಗುವುದು) ಇದೆಯಾ ಎಂದು ಕೇಳುವಾಗಲೂ ಮುಖ ಜೋತುಬೀಳುವುದನ್ನು ನೆಚ್ಚಬೇಡಿ. ಜೋರಾಗಿ ನಗು ಬಂದಾಗ ಮಂಡಿ ಕುಸಿಯಿತಾ, ಕತ್ತು ವಾಲಿತಾ, ಆಗ ಎಚ್ಚರವಿತ್ತಾ ಎಂದು ಕೇಳಿ. ಇವರ ನಗು ದನಿಯಲ್ಲಿ ಕೇಳಿಸುತ್ತದೆ, ಮನೆಯವರಿಗೆ ಅದು ಚೆನ್ನಾಗಿ ಗೊತ್ತು.

ಇಷ್ಟಾದರೂ ಸ್ಪಷ್ಟವಾಗದಿದ್ದರೆ ಬೆನ್ನುಹುರಿ ದ್ರವದಲ್ಲಿ ಹೈಪೋಕ್ರೆಟಿನ್-1 (ಎಚ್ಚರವಾಗಿರಿಸುವ ಮಿದುಳಿನ ರಾಸಾಯನಿಕ) ಅಳೆಸುವುದು. ಮಿಲಿಲೀಟರಿಗೆ 110 ಪಿಕೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಬಂದರೆ ಈ ರಾಸಾಯನಿಕ ಕುಸಿದಿರುವ ಬಗೆಯಾದ ಟೈಪ್ 1 ನಾರ್ಕೊಲೆಪ್ಸಿಗೆ ಗಟ್ಟಿ ಆಧಾರ. ಈ ಅಳತೆಗೆ ಕಣ್ಣೂ ಗದ್ದವೂ ಬೇಕಿಲ್ಲ. ಟೈಪ್ 2ರಲ್ಲಿ ಮಾತ್ರ ಈ ಮಟ್ಟ ಕುಸಿದಿರುವುದಿಲ್ಲ, ಅಲ್ಲಿ ಮತ್ತೆ ಆ ಗೆರೆಗಳನ್ನೇ ಎಚ್ಚರಿಕೆಯಿಂದ ಓದಬೇಕಾಗುತ್ತದೆ.